ನಾಲ್ಕು ಜೋಡಿ ತಂತಿ, ಒಂದು ಮಲ್ಲಿಗೆ ಗಂಟು

ನನ್ನ ಮೊಮ್ಮಗಳು ಅಶ್ವಿನಿ ಮಣಿಪಾಲದಲ್ಲಿ ಫೈಬರ್ ಜೋಡಿಸುವ ಕೆಲಸ ಕಲಿಯುತ್ತಿದ್ದಾಳೆ. ಅವಳ ಜತೆ ಇನ್ನೂ ಏಳೆಂಟು ಮಂದಿ ಕಲಿಯುವವರಿದ್ದಾರೆ. ಮೊನ್ನೆ ಊಟ ಮಾಡುತ್ತಾ ಕೇಳಿದಳು, “ಅಜ್ಜಿ, ಎರಡು ತಾಮ್ರದ ತಂತಿ ಸುತ್ತುವುದರಲ್ಲಿ ಕಲಿಯಲಿಕ್ಕೆ ಎಂತ ಉಂಟು?” ಆಗ ಬಾಯಲ್ಲಿ ಮೀನಿನ ಮುಳ್ಳಿತ್ತು, ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ. ನಾನು ಓದಿದ್ದು ಐದನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ಅಶ್ವಿನಿ ತಿದ್ದುತ್ತಾಳೆ. ವಿಷಯ ತಪ್ಪಿದ್ದರೆ ತಿದ್ದಲು ಅವಳಿಗಾಗುವುದಿಲ್ಲ, ಆ ವಿಷಯ ಗೊತ್ತಿರುವವಳು ನಾನು.

ನನ್ನ ಗಂಡ ಕಾಪುವಿನಲ್ಲಿ ಟೆಲಿಫೋನ್ ಲೈನ್‌ಮನ್ ಆಗಿದ್ದರು. ಜ್ವರ ಬಂದು ತೀರಿಕೊಂಡರು, ಕೆಲಸ ನನಗೆ ಬಂತು. ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದದ್ದು ಒಂದೇ, ಅದೂ ಎಲ್ಲರಿಗೂ ಬಂದಾಗ ಬಂದದ್ದು.

ಮೊದಲ ವರ್ಷ ನನಗೆ ಕೊಟ್ಟ ಕೆಲಸ ಚಹಾ ತರುವುದು, ಕೇಬಲಿಗೆ ತೋಡಿದ ಗುಂಡಿಯಿಂದ ನೀರು ಮೊಗೆಯುವುದು. ಕೇಬಲ್ ಮುಟ್ಟಲು ಬಿಡುತ್ತಿರಲಿಲ್ಲ. ನಮ್ಮ ಮೇಲಿನವರು ಸಂಜೀವಣ್ಣ ಎಂಬ ಲೈನ್ ಇನ್‌ಸ್ಪೆಕ್ಟರು. ಒಳ್ಳೆಯ ಕೆಲಸಗಾರ, ಕೆಟ್ಟ ಬಾಯಿ. ಒಂದು ದಿನ ಕಟಪಾಡಿಯ ಹತ್ತಿರ ಕೇಬಲ್ ತುಂಡಾಗಿತ್ತು. ನೂರು ಜೋಡಿಯ ಕೇಬಲ್, ಅಂದರೆ ಕೂದಲಿಗಿಂತ ಸ್ವಲ್ಪ ದಪ್ಪದ ಇನ್ನೂರು ತಂತಿ, ಆ ಕಡೆಯದನ್ನು ಈ ಕಡೆಯದಕ್ಕೆ ಸೇರಿಸಬೇಕು. ಜಾಯಿಂಟ್ ಮಾಡುವವನಿಗೆ ಕಣ್ಣು ನೋವು, ಬಣ್ಣ ಕಾಣುತ್ತಿರಲಿಲ್ಲ. ನಾನು ನೀರು ಮೊಗೆಯುವ ತಂಬಿಗೆ ಕೆಳಗಿಟ್ಟು ಗುಂಡಿಗೆ ಇಳಿದೆ.

“ನಿನಗೆ ಎಂತ ಬರ್ತದೆ?” ಎಂದರು ಸಂಜೀವಣ್ಣ.

“ನನ್ನ ತವರು ಶಂಕರಪುರ. ಏಳು ವರ್ಷದವಳಿರುವಾಗಿನಿಂದ ಮಲ್ಲಿಗೆ ಕಟ್ಟಿದ್ದೇನೆ. ಕಟ್ಟಿದ ಹೂವಿನ ಒಂದು ಚೆಂಡಿಗೆ ಎಷ್ಟು ಮೊಗ್ಗು ಅಂತ ಕಣ್ಣು ಮುಚ್ಚಿ ಹೇಳ್ತೇನೆ. ನಿಮ್ಮ ತಂತಿ ಮೊಗ್ಗಿಗಿಂತ ಹೆಚ್ಚು ಉಂಟಾ?”

ಸಂಜೆಯೊಳಗೆ ನೂರು ಜೋಡಿ ಮುಗಿಸಿದೆ. ಇಪ್ಪತ್ತೈದು ಜೋಡಿಗೆ ಒಂದು ಕಟ್ಟು ಮಾಡಿ ದಾರದಲ್ಲಿ ಕಟ್ಟಬೇಕು. ಉಳಿದವರು ಎರಡು ಸಾದಾ ಗಂಟು ಹಾಕುತ್ತಿದ್ದರು, ಸ್ವಲ್ಪ ದಿನದಲ್ಲಿ ಸಡಿಲವಾಗುತ್ತಿತ್ತು. ನಾನು ನಮ್ಮ ಊರಿನಲ್ಲಿ ಬಾಳೆನಾರಿಗೆ ಹಾಕುವ ಗಂಟನ್ನೇ ಹಾಕಿದೆ: ಒಂದು ಸುತ್ತು, ಒಂದು ಮಡಿಕೆ, ಹಿಂದಿನಿಂದ ಒಂದು ಎಳೆತ. ಅದು ಬಿಗಿಯಾಗಿಯೇ ಇರುತ್ತದೆ, ಬಿಚ್ಚಬೇಕೆಂದರೆ ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಸಂಜೀವಣ್ಣ ಅದನ್ನು ಹಿಡಿದೆಳೆದು ನೋಡಿದರು. “ಹೂ ಕಟ್ಟಿದ ಹಾಗೆ ಉಂಟು. ದೇವರಿಗೆ ಹಾಕಬಹುದು” ಎಂದರು. ಹೊಗಳಿಕೆಯೋ ತಮಾಷೆಯೋ ನಾನು ಕೇಳಲಿಲ್ಲ. ಮರುದಿನದಿಂದ ಚಹಾ ತರಲು ಬೇರೆಯವರು ಹೋದರು.

ಜೋಡಿ ಎಂದರೆ ಎಂತ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಫೋನಿಗೆ ಎರಡು ತಂತಿ ಬೇಕು. ಆ ಎರಡನ್ನು ಕಂಪೆನಿಯಲ್ಲಿಯೇ ಒಂದಕ್ಕೊಂದು ಹೆಣೆದು ಕಳುಹಿಸುತ್ತಾರೆ. ಬಿಳಿಗೆ ನೀಲಿ ಒಂದು ಜೋಡಿ, ಬಿಳಿಗೆ ಕಿತ್ತಳೆ ಇನ್ನೊಂದು, ಹೀಗೆ. ಹೆಣೆದದ್ದು ಚಂದಕ್ಕಲ್ಲ. ಹೆಣೆದಿದ್ದರೆ ಪಕ್ಕದ ಜೋಡಿಯ ಸದ್ದು ಒಳಗೆ ಬರುವುದಿಲ್ಲ. ಇದು ನೆನಪಿರಲಿ, ಮುಂದಿನ ಕತೆ ಪೂರ್ತಿ ಇದರ ಮೇಲೆಯೇ ನಿಂತಿದೆ.

ಕಾಪುವಿನಲ್ಲಿ ಉಪ್ಪುಗಾಳಿ ತಾಮ್ರವನ್ನು ತಿನ್ನುತ್ತದೆ. ಪೆಟ್ಟಿಗೆ ತೆರೆದರೆ ತಂತಿಯ ತುದಿಯಲ್ಲಿ ಹಸಿರು ಪುಡಿ. ಆ ಕಾಲದಲ್ಲಿ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು, ಕೇಬಲಿನಲ್ಲಿ ಖಾಲಿ ಜೋಡಿ ಇರುತ್ತಿರಲಿಲ್ಲ. ಹಾಗಿರುವಾಗ ಒಂದು ಮನೆಯ ಫೋನು ಸತ್ತಿತು. ಮೀನು ವ್ಯಾಪಾರದವರ ಮನೆ. ಮಗ ಗಲ್ಫಿನಲ್ಲಿ, ಶುಕ್ರವಾರ ಮಾತ್ರ ಫೋನು ಮಾಡುತ್ತಾನೆ. ಅವನ ತಾಯಿ ನನ್ನನ್ನು ಅಂಗಳದಲ್ಲಿಯೇ ತಡೆದರು.

“ಎರಡು ಶುಕ್ರವಾರ ಹೋಯಿತು. ನಾಳೆಯೂ ಹೋದರೆ ನಿಮ್ಮ ಈ ಡಬ್ಬವನ್ನು ಕಡಲಿಗೆ ಬಿಸಾಡ್ತೇನೆ.”

“ಬಿಸಾಡಿ, ಆದರೆ ವೈರು ಬಿಟ್ಟು ಬಿಸಾಡಿ. ವೈರು ನಮ್ಮದು” ಎಂದೆ.

ನೋಡಿದರೆ ಅವರ ಜೋಡಿಯಲ್ಲಿ ನೀಲಿ ತುಂಡಾಗಿದೆ, ಬಿಳಿ ಸರಿ ಇದೆ. ಪಕ್ಕದ ಸತ್ತ ಜೋಡಿಯಲ್ಲಿ ಬಿಳಿ ತುಂಡಾಗಿದೆ, ಕಿತ್ತಳೆ ಸರಿ ಇದೆ. ಸಂಜೀವಣ್ಣ ಉಪಾಯ ತೋರಿಸಿದರು. ಅವರ ಜೋಡಿಯ ಬಿಳಿ, ಪಕ್ಕದ ಜೋಡಿಯ ಕಿತ್ತಳೆ, ಎರಡನ್ನೂ ಸೇರಿಸಿದರೆ ಸತ್ತ ಎರಡು ಜೋಡಿಯಿಂದ ಬದುಕಿದ್ದು ಒಂದು. ಅದಕ್ಕೆ ನಮ್ಮಲ್ಲಿ ಮದುವೆ ಮಾಡಿಸುವುದು ಎನ್ನುತ್ತಿದ್ದರು. ಮೀಟರು ಹಾಕಿದೆ, ಎಲ್ಲ ಸರಿ. ಶುಕ್ರವಾರ ಮಗನ ಫೋನು ಬಂತು. ಆ ತಾಯಿ ಶನಿವಾರ ಒಂದು ಚೀಲ ಬಂಗುಡೆ ಮೀನು ಕಳುಹಿಸಿದರು. ಇಟ್ಟುಕೊಂಡೆ.

ಆ ಮೇಲೆ ಎಲ್ಲಿ ಜೋಡಿ ಸಿಗದಿದ್ದರೂ ವಾರಿಜಕ್ಕನನ್ನು, ಅಂದರೆ ನನ್ನನ್ನು, ಕರೆಯಿರಿ ಎನ್ನುವ ಹಾಗಾಯಿತು. ಕಾಪು, ಉಡುಪಿ, ಕಾರ್ಕಳ, ಎಲ್ಲ ಕಡೆ ಮದುವೆ ಮಾಡಿಸಿದೆ. ಯಾವ ಜೋಡಿಯನ್ನು ಯಾವುದಕ್ಕೆ ಸೇರಿಸಿದೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ನಾನು ಬರೆಯಲಿಲ್ಲ. ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ, ಬರೆಯದಿದ್ದರೆ ಹೊಗಳುತ್ತಾರೆ.

ನಂತರ ಇಂಟರ್‌ನೆಟ್ ಬಂತು, ಅದೇ ಫೋನಿನ ತಂತಿಯಲ್ಲಿ. ಮಣಿಪಾಲದ ಹಾಸ್ಟೆಲಿನ ಮಕ್ಕಳಿಂದ ದಿನಕ್ಕೆ ಹತ್ತು ದೂರು. ಮಾತಾಡಲು ಸರಿ ಇರುವ ಲೈನು ಇಂಟರ್‌ನೆಟ್ಟಿಗೆ ಸರಿ ಇರುವುದಿಲ್ಲ ಎಂದು ಗೊತ್ತಾದದ್ದು ಆಗ. ಒಂದು ಹಾಸ್ಟೆಲಿನಲ್ಲಿ ನಾನು ಮೂರು ದಿನ ತಂತಿ ಬದಲಿಸಿ ಬೆವರಿದೆ. ನಾಲ್ಕನೇ ದಿನ ನೋಡಿದರೆ ವಾರ್ಡನ್ ಅದೇ ಲೈನಿನಿಂದ ತಮ್ಮ ಕೋಣೆಗೆ ಕದ್ದು ಎಳೆದುಕೊಂಡ ಒಂದು ಹಳೇ ಫೋನು ಕಪಾಟಿನ ಹಿಂದೆ ಇತ್ತು, ಇಂಟರ್‌ನೆಟ್ಟನ್ನು ಕೆಡಿಸುತ್ತಿದ್ದದ್ದು ಅದು. ಅವರಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆದರೆ ಅಶ್ವಿನಿ ತೆಗೆದುಹಾಕುತ್ತಾಳೆ.

ಈಗ ಕಾರ್ಕಳದ ವಿಷಯ. ನನ್ನ ನಿವೃತ್ತಿಗೆ ಆರು ತಿಂಗಳು ಇತ್ತು. ಊರಿನ ಹೊರಗೆ ಒಂದು ಸಣ್ಣ ಆಸ್ಪತ್ರೆ. ಅಲ್ಲಿಗೆ ಯಾರೋ ದಾನಿಗಳು ಸ್ಕ್ಯಾನ್ ಮೆಷಿನ್ ಕೊಟ್ಟಿದ್ದರು, ಆದರೆ ಅದರ ಚಿತ್ರ ನೋಡಿ ಹೇಳುವ ಡಾಕ್ಟರು ಅಲ್ಲಿಲ್ಲ, ಇರುವುದು ಮಣಿಪಾಲದಲ್ಲಿ. ಚಿತ್ರ ತಂತಿಯಲ್ಲಿ ಹೋಗಬೇಕು. ಎಕ್ಸ್‌ಚೇಂಜಿನಿಂದ ಮಣಿಪಾಲಕ್ಕೆ ಫೈಬರ್ ಇತ್ತು. ಆಸ್ಪತ್ರೆಯಿಂದ ಎಕ್ಸ್‌ಚೇಂಜಿಗೆ ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಅಲ್ಲಿ ತಾಮ್ರ ಮಾತ್ರ. ಹೊಸ ಫೈಬರ್ ಹಾಕಲು ಅಗೆದರೆ ಕಾರ್ಕಳದ ಕರಿಬಂಡೆ. ಒಂದು ಮಾರು ಅಗೆಯಲು ಒಂದು ದಿನ, ರಸ್ತೆ ಅಗೆಯಲು ಅನುಮತಿ ಬೇರೆ.

ನಮ್ಮ ಎಂಜಿನಿಯರು ಪ್ರಭು ಎಂಬವರು, ನನ್ನ ಮಗನಿಗಿಂತ ಸಣ್ಣ ವಯಸ್ಸು. ಅವರು ಒಂದು ಉಪಾಯ ತಂದರು. ಒಂದು ಜೋಡಿಯಲ್ಲಿ ಚಿತ್ರ ಹೋಗಲು ತುಂಬ ಹೊತ್ತು ಬೇಕು. ನಾಲ್ಕು ಜೋಡಿಯನ್ನು ಒಟ್ಟಿಗೆ ಹಾಕುವುದು. ಈ ಕಡೆಯ ಪೆಟ್ಟಿಗೆ ಚಿತ್ರವನ್ನು ಚೂರು ಮಾಡಿ ನಾಲ್ಕರಲ್ಲೂ ಕಳುಹಿಸುತ್ತದೆ, ಆ ಕಡೆಯ ಪೆಟ್ಟಿಗೆ ಮತ್ತೆ ಸೇರಿಸುತ್ತದೆ. ಒಂದರಲ್ಲಿ ಹೋಗುವುದರ ನಾಲ್ಕು ಪಟ್ಟು.

“ನಾಲ್ಕೂ ಒಂದೇ ವೇಗದಲ್ಲಿ ಹೋಗಬೇಕು ವಾರಿಜಮ್ಮ. ಒಂದು ಹಿಂದೆ ಬಿದ್ದರೆ ನಾಲ್ಕೂ ಬೀಳ್ತದೆ.”

“ಕೈರಂಪಣಿ ಬಲೆ ಎಳೆದ ಹಾಗೆ” ಎಂದೆ. “ದಡದಲ್ಲಿ ಸಾಲಾಗಿ ನಿಂತು ಎಳೆಯುವಾಗ ಒಬ್ಬ ಹಗ್ಗ ಬಿಟ್ಟರೆ ಮೀನೆಲ್ಲ ಹೊರಗೆ.”

“ಹೌದು, ಅದೇ. ನಾನು ಇದನ್ನು ಮೂರು ದಿನದ ಟ್ರೈನಿಂಗಿನಲ್ಲಿ ಕಲಿತದ್ದು!”

ಆಸ್ಪತ್ರೆಯ ಗೇಟಿನ ಬಳಿ ಹೊಸ ಜಾಯಿಂಟ್ ಮಾಡಬೇಕಿತ್ತು. ಅದನ್ನು ಮಾಡಿದವನು ಹಮೀದ್. ಕಾಪುವಿನವನು, ನಲವತ್ತು ದಾಟಿದವನು, ಗುತ್ತಿಗೆಯ ಆಳು. ಕೆಲಸ ಕಲಿತದ್ದು ನನ್ನಿಂದ. ಹಿಂದೆ ಒಮ್ಮೆ ಇನ್ನೊಬ್ಬರ ತಪ್ಪಿಗೆ ರಿಪೋರ್ಟಿನಲ್ಲಿ ಅವನ ಹೆಸರು ಹೋಗಿತ್ತು. ಇನ್ನೊಂದು ದೂರು ಬಂದರೆ ನಾಳೆಯಿಂದ ಬರುವುದು ಬೇಡ ಎಂದು ಗುತ್ತಿಗೆದಾರ ಅವನಿಗೆ ಹೇಳಿದ್ದ. ಇದು ನನಗೂ ಗೊತ್ತಿತ್ತು, ಪ್ರಭು ಅವರಿಗೂ ಗೊತ್ತಿತ್ತು.

ಲೈನು ಹಾಕಿದೆವು. ಒಂದೊಂದೇ ಜೋಡಿ ಹಾಕಿದರೆ ಸರಿ ಬರುತ್ತದೆ. ನಾಲ್ಕೂ ಒಟ್ಟಿಗೆ ಹಾಕಿದರೆ ಲೈನು ಅರ್ಧ ಗಂಟೆ ಸರಿ ಇದ್ದು ಬೀಳುತ್ತದೆ. ಮತ್ತೆ ಬರುತ್ತದೆ, ಮತ್ತೆ ಬೀಳುತ್ತದೆ. ಎರಡು ದಿನ ಹೀಗೆಯೇ. ಆಸ್ಪತ್ರೆಯ ಡಾಕ್ಟರಮ್ಮ ಮೆಷಿನಿಗೆ ಹೊದಿಸಿದ ಬಿಳಿ ಬಟ್ಟೆ ತೆಗೆದಿರಲಿಲ್ಲ. ಪ್ರಭು ಮೀಟರು ಹಿಡಿದು ನಾಲ್ಕೂ ಜೋಡಿ ನೋಡಿದರು. ಎಲ್ಲ ಸರಿ.

“ಹಳೇ ಕೇಬಲು ಇಷ್ಟು ವರ್ಷ ಸರಿ ಇತ್ತು. ಹೊಸದು ಅಂದರೆ ಹಮೀದನ ಜಾಯಿಂಟ್ ಒಂದೇ. ಸಂಜೆ ರಿಪೋರ್ಟ್ ಕಳಿಸ್ಬೇಕು, ಬೇರೆ ಎಂತ ಬರೆಯುವುದು?” ಎಂದರು.

ಹಮೀದ್ ಕೈಗೆ ಹತ್ತಿದ ಕೇಬಲಿನ ಜೆಲ್ಲಿಯನ್ನು ಚಿಂದಿಯಿಂದ ಒರೆಸುತ್ತಾ ನಿಂತ. ಒರೆಸಿ ಆದ ಕೈಯನ್ನೇ ಮತ್ತೆ ಒರೆಸಿದ.

“ಸಂಜೆಗೆ ಇನ್ನೂ ಹೊತ್ತುಂಟು” ಎಂದು ನಾನು ಅವನ ಜಾಯಿಂಟನ್ನು ತೆರೆದೆ. ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನು ಅವನ ಮುಖದ ಮುಂದೆ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಆ ಮೇಲೆ ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ಸ್ಟೂಲ್ ಹಾಕಿ ಕುಳಿತೆ. ನಾಲ್ಕು ಹಸಿರು ದೀಪ. ಕೆಲಸದಲ್ಲಿ ಅರ್ಧ ಭಾಗ ಹೀಗೆ ಸುಮ್ಮನೆ ಕುಳಿತು ನೋಡುವುದು, ಅದನ್ನು ಯಾವ ಟ್ರೈನಿಂಗಿನಲ್ಲಿಯೂ ಹೇಳಿಕೊಡುವುದಿಲ್ಲ. ಕಿಟಕಿಯ ಆಚೆ ಗೇರುಬೀಜದ ಕಾರ್ಖಾನೆ. ಅಲ್ಲಿಯ ಆಫೀಸಿನಲ್ಲಿ ಫೋನು ರಿಂಗಾಯಿತು. ಪೆಟ್ಟಿಗೆಯ ದೀಪ ನಾಲ್ಕೂ ಹೋಯಿತು. ಕಾದೆ. ದೀಪ ಬಂತು. ಇಪ್ಪತ್ತು ನಿಮಿಷದ ನಂತರ ಮತ್ತೆ ಅಲ್ಲಿ ರಿಂಗ್, ಇಲ್ಲಿ ಕತ್ತಲೆ.

ಡಾಕ್ಟರಮ್ಮನನ್ನು ಕರೆದೆ. “ಅಮ್ಮ, ಕಾರ್ಖಾನೆಯ ನಂಬರು ಉಂಟಾ ನಿಮ್ಮಲ್ಲಿ? ಒಮ್ಮೆ ಫೋನು ಮಾಡಿ.”

“ಎಂತ ಹೇಳಲಿ?”

“ಎಂತದೂ ಬೇಡ, ರಿಂಗಾದರೆ ಸಾಕು.”

ಅವರು ಮಾಡಿದರು. ದೀಪ ಹೋಯಿತು. ದೀಪ ಬಂದ ಮೇಲೆ ಮತ್ತೊಮ್ಮೆ ಮಾಡಿಸಿದೆ, ಮತ್ತೆ ಹೋಯಿತು. ಮೂರನೇ ಸಲ ಕಾರ್ಖಾನೆಯ ಗುಮಾಸ್ತ ಫೋನೆತ್ತಿ ಕಿರುಚಿದ್ದು ನನಗೂ ಕೇಳಿಸಿತು: “ಯಾರು ಮಾರಾಯ್ರೆ ನೀವು? ಬೀಜ ಬೇಕಾ, ಬೇಡವಾ?” ಪಾಪ, ಡಾಕ್ಟರಮ್ಮ ಹೆದರಿ ಅರ್ಧ ಕಿಲೋ ಬೇಕು ಎಂದುಬಿಟ್ಟರು.

ನನಗೆ ಗೊತ್ತಾಯಿತು. ಪಕ್ಕದವರ ರಿಂಗು ನಮ್ಮ ತಂತಿಗೆ ನುಗ್ಗುತ್ತಿದೆ ಎಂದರೆ ನಾಲ್ಕರಲ್ಲಿ ಒಂದು ಜೋಡಿ ಎಲ್ಲಿಯೋ ಹೆಣೆದ ಜೋಡಿಯಾಗಿ ಉಳಿದಿಲ್ಲ. ಎರಡು ತಂತಿ ಎರಡು ಬೇರೆ ಜೋಡಿಯಿಂದ ಬಂದಿವೆ. ಮೀಟರಿಗೆ ಅದು ತಿಳಿಯುವುದಿಲ್ಲ, ತಂತಿ ತುಂಡಾಗಿದೆಯೋ ಇಲ್ಲವೋ ಎಂದು ಮಾತ್ರ ಅದು ಹೇಳುತ್ತದೆ. ಮಾತಾಡುವ ಫೋನಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ನಾಲ್ಕು ಜೋಡಿ ಒಟ್ಟಿಗೆ ಎಳೆಯುವಾಗ ಹಗ್ಗ ಬಿಡುವುದು ಅಂಥ ಜೋಡಿಯೇ.

ಪ್ರಭು ಅವರಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡರು. “ಬೇರೆ ಬೇರೆ ಜೋಡಿಯ ತಂತಿ ಸೇರಿಸುವುದಾ? ಯಾರು ಹಾಗೆ ಮಾಡ್ತಾರೆ ವಾರಿಜಮ್ಮ?”

“ಮಾಡುವವರು ಇದ್ದರು” ಎಂದೆ. ಅದಕ್ಕಿಂತ ಹೆಚ್ಚು ಆಗ ಹೇಳಲಿಲ್ಲ.

ದಾರಿಯಲ್ಲಿ ಹಳೆಯ ಜಾಯಿಂಟುಗಳ ಗುಂಡಿ ಒಂದೊಂದೇ ತೆರೆದೆವು. ಹಮೀದ್ ಅಗೆದ, ನಾನು ಬಿಚ್ಚಿದೆ. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದು ಒಂದು ಬಸ್ ಸ್ಟ್ಯಾಂಡಿನ ಹಿಂದೆ. ಹೊದಿಕೆ ಕೊಯ್ದು ತೆರೆದೆ, ಸೀಮೆಎಣ್ಣೆಯಲ್ಲಿ ಒರೆಸಿದೆ. ತಂತಿಯ ಕಟ್ಟಿನ ಮೇಲೆ ದಾರ ಕಂಡಿತು. ಒಂದು ಸುತ್ತು, ಒಂದು ಮಡಿಕೆ, ಹಿಂದಿನಿಂದ ಎಳೆತ. ಇಡೀ ಜಿಲ್ಲೆಯಲ್ಲಿ ಕೇಬಲಿಗೆ ಮಲ್ಲಿಗೆ ಗಂಟು ಹಾಕಿದವಳು ನಾನೊಬ್ಬಳೇ.

ದಾರದ ತುದಿ ಎಳೆದೆ, ಒಂದೇ ಎಳೆತಕ್ಕೆ ಬಿಚ್ಚಿತು. ಒಳಗೆ ನಮ್ಮ ನಾಲ್ಕು ಜೋಡಿಯಲ್ಲಿ ಒಂದು: ಬಿಳಿ ಒಂದು ಜೋಡಿಯದ್ದು, ಕಿತ್ತಳೆ ಇನ್ನೊಂದರದ್ದು. ಯಾವ ವರ್ಷ, ಯಾರ ಫೋನಿಗಾಗಿ ಮಾಡಿದ್ದೆ, ನೆನಪಿಲ್ಲ. ಆ ದಿನ ಯಾರೋ ಹೊಗಳಿರಬೇಕು.

ಆ ಗಂಟು ನನ್ನದೆಂದು ಹಮೀದನಿಗೂ ಗೊತ್ತು. ಪ್ರಭು ಆಚೆ ಬದಿಯಲ್ಲಿ ಕೊಡೆ ಹಿಡಿದು ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಹಮೀದ್ ಅತ್ತ ನೋಡಿದ, ನನ್ನನ್ನು ನೋಡಿದ. ತಗ್ಗಿದ ದನಿಯಲ್ಲಿ ಹೇಳಿದ, “ಅಕ್ಕ, ಜೋಡಿ ಬದಲಿಸಿ ಮುಚ್ಚುವ. ಲೈನು ಬೀಳದಿದ್ದರೆ ಆಯ್ತಲ್ವಾ? ಮತ್ತೆ ಯಾರು ಕೇಳ್ತಾರೆ?”

“ಲೈನು ಯಾಕೆ ಬಿದ್ದದ್ದು ಅಂತ ಸಂಜೆಯ ರಿಪೋರ್ಟಿನಲ್ಲಿ ಕೇಳ್ತಾರೆ. ಆಗ ಯಾರ ಹೆಸರು ಬರೀತಾರೆ?”

ಅವನು ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿ, “ನಿಮ್ಮ ಪೆನ್ಶನ್ನಿನ ಕಾಗದ ಹೋಗಿದೆ ಅಲ್ವಾ ಅಕ್ಕ” ಎಂದ.

“ನನ್ನ ಪೆನ್ಶನ್ ನಿನಗೆ ಯಾಕೆ ಮಾರಾಯ? ಟಾರ್ಚ್ ಸರಿ ಹಿಡಿ.”

ಅವನು ಆ ಹೊತ್ತಿನಲ್ಲಿಯೂ ನನ್ನ ಬಗ್ಗೆ ಯೋಚಿಸಿದನಲ್ಲ, ಅದು ನನಗೆ ಸಿಟ್ಟು ತರಿಸಿತು. ಗುಂಡಿಯಿಂದಲೇ ಕೂಗಿದೆ, “ಪ್ರಭು ಸಾರ್, ಇಲ್ಲಿ ಬನ್ನಿ. ಕೊಡೆ ಅಲ್ಲಿಡಿ, ಕೆಳಗೆ ಇಳಿಯಿರಿ.”

ಅವರು ಇಳಿದರು, ಹೊಸ ಪ್ಯಾಂಟಿಗೆ ಕೆಸರಾಯಿತು. ತಂತಿ ತೋರಿಸಿದೆ. “ಇದೇ. ಮಾಡಿದ್ದು ನಾನು.”

“ಹೇಗೆ ಹೇಳ್ತೀರಿ? ಹಳೇದು, ಯಾರದ್ದೂ ಇರಬಹುದು.”

“ಗಂಟು ನನ್ನದು. ನನ್ನ ಊರಿನ ಹೂವಿನ ಗಂಟು. ಬೇಕಾದರೆ ಶಂಕರಪುರದ ಯಾರನ್ನಾದರೂ ಕೇಳಿ.”

ಅವರು ಗಂಟನ್ನು ನೋಡಿದರು, ನನ್ನನ್ನು ನೋಡಿದರು. “ವಾರಿಜಮ್ಮ, ನಿಮಗೆ ಇನ್ನು ಆರೇ ತಿಂಗಳು. ಹಳೇ ಜಾಯಿಂಟಿನ ದೋಷ ಅಂತ ಮಾತ್ರ ಬರೀತೇನೆ. ಹೆಸರು ಯಾಕೆ?”

“ಹೆಸರಿಲ್ಲದ ತಪ್ಪು ಯಾರ ತಲೆಗೆ ಹೋಗ್ತದೆ ಅಂತ ಬೆಳಿಗ್ಗೆಯಿಂದ ನೋಡ್ತಿದ್ದೇನೆ. ನನ್ನ ಹೆಸರು ಬರೆಯಿರಿ. ಹಮೀದನ ಜಾಯಿಂಟ್ ಸರಿ ಉಂಟು ಅಂತಲೂ ಬರೆಯಿರಿ, ಅದು ಬೇರೆ ಸಾಲಿನಲ್ಲಿ.”

ಸರಿ ಮಾಡಲು ಒಂದು ಗಂಟೆಯೂ ಹಿಡಿಯಲಿಲ್ಲ. ಜನ ಲ್ಯಾಂಡ್‌ಲೈನ್ ಬಿಟ್ಟು ಮೊಬೈಲಿಗೆ ಹೋಗಿ ಕೇಬಲಿನಲ್ಲಿ ಈಗ ಖಾಲಿ ಜೋಡಿ ಬೇಕಾದಷ್ಟು. ಹಿಂದೆ ಇಲ್ಲವೆಂದು ಮದುವೆ ಮಾಡಿಸಿದ್ದು, ಈಗ ಕೇಳುವವರಿಲ್ಲ. ಒಳ್ಳೆಯ ಜೋಡಿ ಒಂದನ್ನು ಆರಿಸಿ ಈ ಗುಂಡಿಯಿಂದ ಮುಂದಿನ ಗುಂಡಿಯವರೆಗೆ ಬದಲಿಸಿದೆವು. ಅಲ್ಲಿಯೂ ನನ್ನ ಗಂಟೇ ಇತ್ತು. ಇರಲೇಬೇಕು, ಒಂದು ಗುಂಡಿಯಲ್ಲಿ ಬದಲಿಸಿದ ತಂತಿಯನ್ನು ಮುಂದಿನ ಗುಂಡಿಯಲ್ಲಿ ಮತ್ತೆ ಮೊದಲಿನ ಜೋಡಿಗೆ ಸೇರಿಸದೆ ಮದುವೆ ಪೂರ್ತಿಯಾಗುವುದಿಲ್ಲ.

ಆಸ್ಪತ್ರೆಗೆ ಬಂದು ನಾಲ್ಕೂ ಹಾಕಿದೆವು. ಡಾಕ್ಟರಮ್ಮ ಕಾರ್ಖಾನೆಗೆ ಫೋನು ಮಾಡಿದರು. ರಿಂಗಾಯಿತು, ದೀಪ ಅಲ್ಲಾಡಲಿಲ್ಲ. ಗುಮಾಸ್ತ “ಅರ್ಧ ಕಿಲೋ ಕಟ್ಟಿಟ್ಟಿದ್ದೇನೆ, ಇನ್ನೆಷ್ಟು ಬೇಕು?” ಎಂದು ಕೇಳಿದ. ಮೂರು ದಿನ ಲೈನು ಒಮ್ಮೆಯೂ ಬೀಳಲಿಲ್ಲ. ನಾಲ್ಕನೇ ದಿನ ಮೆಷಿನಿನ ಬಿಳಿ ಬಟ್ಟೆ ತೆಗೆದರು. ಮೊದಲ ಚಿತ್ರ ಅಡಿಕೆ ಮರದಿಂದ ಬಿದ್ದವನೊಬ್ಬನ ತಲೆಯದ್ದು. ಅದು ಮಣಿಪಾಲಕ್ಕೆ ಹೋಗಿ, ತಲೆಗೆ ಎಂತದೂ ಆಗಲಿಲ್ಲ ಎಂದು ಉತ್ತರ ಬಂತು. ಅವನು ಮನೆಗೆ ನಡೆದುಕೊಂಡು ಹೋದ.

ನನಗೆ ಮೇಲಿನಿಂದ ವಿವರಣೆ ಕೇಳಿ ಕಾಗದ ಬಂತು. ನಾಲ್ಕು ಸಾಲು ಬರೆದೆ: ಖಾಲಿ ಜೋಡಿ ಇರಲಿಲ್ಲ, ಎರಡರಿಂದ ಒಂದು ಮಾಡಿದೆ, ರಿಜಿಸ್ಟರಿನಲ್ಲಿ ಬರೆಯಲಿಲ್ಲ, ಬರೆಯದೆ ಇದ್ದದ್ದು ತಪ್ಪು. ಎಚ್ಚರಿಕೆ ಕೊಟ್ಟಿದ್ದೇವೆ ಎಂದು ಇನ್ನೊಂದು ಕಾಗದ ಬಂತು. ಇಟ್ಟುಕೊಂಡಿದ್ದೇನೆ. ಪೆನ್ಶನ್ ನಿಲ್ಲಲಿಲ್ಲ. ಹಮೀದನ ಕೆಲಸವೂ ಹೋಗಲಿಲ್ಲ. ಅವನು ಈಗ ಫೈಬರ್ ಮಾಡುತ್ತಾನೆ, ಅಶ್ವಿನಿಯ ತಂಡಕ್ಕೆ ತಿಂಗಳಿಗೊಮ್ಮೆ ಹೇಳಿಕೊಡಲು ಬರುತ್ತಾನೆ. ನನಗಿಂತ ಸಿಟ್ಟು ಕಡಿಮೆ, ಅದೊಂದು ಕೊರತೆ.

ಉಳಿದ ಆರು ತಿಂಗಳು ನಾನು ಒಂದೇ ಕೆಲಸ ಮಾಡಿದೆ. ಮದುವೆ ಮಾಡಿಸಿದ ಜೋಡಿಗಳಲ್ಲಿ ನೆನಪಿಗೆ ಬಂದದ್ದು ಹನ್ನೊಂದು. ಒಂದೊಂದೇ ಹುಡುಕಿ, ಸಿಕ್ಕಿದ್ದನ್ನು ಬಿಚ್ಚಿ, ಸರಿ ಮಾಡಿ, ರಿಜಿಸ್ಟರಿನಲ್ಲಿ ಬರೆದೆ. ಪ್ರಭು “ಯಾರೂ ದೂರು ಕೊಟ್ಟಿಲ್ಲವಲ್ಲ” ಎಂದರು. ದೂರು ಬರುವಾಗ ನಾನು ಮನೆಯಲ್ಲಿ ಇರುತ್ತೇನೆ, ಗುಂಡಿಯ ಹತ್ತಿರ ಇನ್ನೊಬ್ಬ ಹಮೀದ್ ನಿಂತಿರುತ್ತಾನೆ ಎಂದೆ. ಆ ಮೇಲೆ ಅವರು ಜೀಪು ಕೊಟ್ಟರು.

ಅಶ್ವಿನಿ, ನೀನು ಕೇಳಿದ್ದಕ್ಕೆ ಉತ್ತರ ಇದು. ಸುತ್ತುವುದನ್ನು ಅರ್ಧ ದಿನದಲ್ಲಿ ಕಲಿಯಬಹುದು. ಸುತ್ತಿದ್ದು ಎಂತ ಎಂದು ಬರೆದಿಡುವುದನ್ನು ಕಲಿಯಲು ನನಗೆ ಇಡೀ ಸರ್ವಿಸ್ ಬೇಕಾಯಿತು. ಫೈಬರಿನಲ್ಲಿ ನಿಮ್ಮದೂ ಇಂಥದೇ ಉಪಾಯ ಒಂದು ಇರುತ್ತದೆ, ಅದಕ್ಕೆ ನಿಮ್ಮನ್ನೂ ಯಾರೋ ಹೊಗಳುತ್ತಾರೆ. ಅವತ್ತೇ ಬರೆದಿಡಿ.

ಇನ್ನೊಂದು ಮಾತು. ಹನ್ನೊಂದರಲ್ಲಿ ಒಂಬತ್ತು ಸಿಕ್ಕಿತು. ಎರಡು ಸಿಗಲಿಲ್ಲ. ಅವು ಕಾಪುವಿನಲ್ಲಿ, ಪೇಟೆಗೂ ಕಡಲಿಗೂ ನಡುವೆ ಎಲ್ಲಿಯೋ ನೆಲದ ಅಡಿಯಲ್ಲಿ ಇವೆ. ಅಲ್ಲಿ ತಾಮ್ರ ಇನ್ನೂ ಪೂರ್ತಿ ಹೋಗಿಲ್ಲ. ಮೀಟರಿನಲ್ಲಿ ಸರಿ ಇದ್ದು ಕೆಲಸದಲ್ಲಿ ಕೈಕೊಡುವ ಜೋಡಿ ನಿಮಗೆ ಅಲ್ಲಿ ಸಿಕ್ಕಿದರೆ ಪಕ್ಕದಲ್ಲಿ ನಿಂತವನನ್ನು ಬೈಯಬೇಡಿ. ಗುಂಡಿ ತೆರೆಯಿರಿ, ದಾರ ನೋಡಿ. ಒಂದು ಸುತ್ತು, ಒಂದು ಮಡಿಕೆ ಇದ್ದರೆ ತುದಿ ಹಿಡಿದು ಒಮ್ಮೆ ಎಳೆಯಿರಿ, ಬಿಚ್ಚುತ್ತದೆ. ಸರಿ ಮಾಡಿ ರಿಜಿಸ್ಟರಿನಲ್ಲಿ ಬರೆಯಿರಿ. ತಪ್ಪು ಯಾರದ್ದು ಎಂದು ಕೇಳುವ ಜಾಗದಲ್ಲಿ ನನ್ನ ಹೆಸರು: ವಾರಿಜ, ಜಾಯಿಂಟರ್, ಕಾಪು.